ನೌಕಾ ವಿಮಾನ ಯೋಧನ ಪದಕಗಳನ್ನು ಓದುವುದು ಹೇಗೆ?

ಎರಡನೇ ಮಹಾಯುದ್ಧದಲ್ಲಿ ಬ್ರಿಟನ್ನಿನ ನೌಕಾಪಡೆಯ ವಿಮಾನ ದಳ ಫ್ಲೀಟ್ ಏರ್ ಆರ್ಮ್. ಅಲ್ಲಿ ದುಡಿದವರ ಪದಕಗಳ ಸಾಲು ನೋಡಿದರೆ ಎಲ್ಲರ ಕಣ್ಣೂ ಮೊದಲು ಹೋಗುವುದು ನಕ್ಷತ್ರದ ಆಕಾರದ ಪದಕಗಳ ಕಡೆಗೆ. ನೀವು ಮಾತ್ರ ಸಾಲಿನ ಕೊನೆಯಿಂದ ಶುರು ಮಾಡಿ.

ಹಲವು ವರ್ಷ ದುಡಿದವರ ಸಾಲಿನಲ್ಲಿ ಕೊನೆಗಿರುವ ದುಂಡನೆಯ ಬೆಳ್ಳಿ ಪದಕವೇ ದೀರ್ಘ ಸೇವೆ ಮತ್ತು ಸನ್ನಡತೆಯ ಪದಕ. 1831ರಲ್ಲಿ ಶುರುವಾದದ್ದು. ಯುದ್ಧದ ಹೊತ್ತಿಗೆ ಇದು ಸಿಗಬೇಕಾದರೆ 15 ವರ್ಷ ಒಳ್ಳೆಯ ಹೆಸರು ಉಳಿಸಿಕೊಂಡು ದುಡಿದಿರಬೇಕಿತ್ತು. ಹಿಂಬದಿಯಲ್ಲಿ ಮೂರು ಪಟಸ್ತಂಭದ ಹಳೆಯ ಯುದ್ಧನೌಕೆ, ಸುತ್ತ ಹಗ್ಗ. ಆದರೆ ನೀವು ನೋಡಬೇಕಾದದ್ದು ಅಂಚು. ಭೂತಗನ್ನಡಿ ಹಿಡಿದು ನಿಧಾನಕ್ಕೆ ತಿರುಗಿಸಿ. ಸಂಖ್ಯೆ, ಹೆಸರು, ಹುದ್ದೆ, ಹಡಗು, ಎಲ್ಲವೂ ಅಲ್ಲಿವೆ. ಸಂಖ್ಯೆಯ ಮುಂದೆ 'ಎಫ್‌ಎಕ್ಸ್' ಇದ್ದರೆ ಆತ ವಿಮಾನ ದಳದವನು. ಹಡಗಿನ ಹೆಸರು ನೋಡಿ ಮೋಸಹೋಗಬೇಡಿ. 'ಡೀಡಲಸ್' ಅಂದರೆ ಲೀ-ಆನ್-ಸಾಲೆಂಟ್, 'ಹೆರನ್' ಅಂದರೆ ಯೋವಿಲ್ಟನ್. ಎರಡೂ ನೆಲದ ಮೇಲಿನ ವಿಮಾನ ನೆಲೆಗಳು. ನೌಕಾಪಡೆ ಅವಕ್ಕೂ ಹಡಗಿನ ಹೆಸರನ್ನೇ ಇಟ್ಟಿತ್ತು.

ಈಗ ನಕ್ಷತ್ರಗಳಿಗೆ ಬನ್ನಿ. ಆರು ಮೂಲೆ, ಹಳದಿ ಲೋಹ, ನಡುವೆ ಆರನೇ ಜಾರ್ಜ್ ದೊರೆಯ ಲಾಂಛನ. ಬ್ರಿಟನ್ ಇವುಗಳನ್ನು ಹೆಸರು ಕೆತ್ತಿಸದೆಯೇ ಕೊಟ್ಟಿತು. ಜೀವ ಪಣಕ್ಕಿಟ್ಟವರ ಯುದ್ಧದ ಪದಕದಲ್ಲೇ ಅವರ ಹೆಸರಿಲ್ಲ ಅನ್ನುವುದು ನನಗೆ ನಿಜಕ್ಕೂ ಬೇಸರದ ಸಂಗತಿ. 1939-45 ಸ್ಟಾರ್‌ನ ರಿಬ್ಬನ್ ಕಡುನೀಲಿ, ಕೆಂಪು, ತಿಳಿನೀಲಿ: ನೌಕಾಪಡೆ, ಭೂಸೇನೆ, ವಾಯುಪಡೆ. ಹಡಗಿನವರು ಇದನ್ನು ಸಾಮಾನ್ಯವಾಗಿ ಆರು ತಿಂಗಳ ಸೇವೆಯಿಂದ ಗಳಿಸಿ, ಆಮೇಲೆ ಇನ್ನಾರು ತಿಂಗಳು ಕಡಲಲ್ಲಿದ್ದರೆ ಅಟ್ಲಾಂಟಿಕ್ ಸ್ಟಾರ್. ಪೆಸಿಫಿಕ್ ಮತ್ತು ಬರ್ಮಾ ಸ್ಟಾರ್ ಎರಡೂ ಒಬ್ಬರಿಗೇ ಸಿಗುತ್ತಿರಲಿಲ್ಲ. ಎರಡಕ್ಕೂ ಅರ್ಹರಾದವರಿಗೆ ಒಂದು ನಕ್ಷತ್ರ, ರಿಬ್ಬನ್ ಮೇಲೆ ಇನ್ನೊಂದರ ಹೆಸರಿನ ಪಟ್ಟಿ. ಎರಡು ತಲೆಯ ಡ್ರ್ಯಾಗನ್ ಮೇಲೆ ನಿಂತ ಸಿಂಹ ಕಂಡರೆ ಅದು ವಾರ್ ಮೆಡಲ್. 28 ದಿನದ ಸೇವೆ ಸಾಕಿತ್ತು.

ಹೆಸರಿಲ್ಲದ ನಕ್ಷತ್ರವನ್ನು ಯಾರು ಬೇಕಾದರೂ ಸಾಲಿಗೆ ಸೇರಿಸಬಹುದು, ಅಲ್ವಾ? ಹಾಗಾಗಿ ಸೇವಾ ದಾಖಲೆ ಬೇಕೇ ಬೇಕು. ಕುಟುಂಬದವರು ಬ್ರಿಟನ್ನಿನ ರಕ್ಷಣಾ ಸಚಿವಾಲಯವನ್ನು ಕೇಳಬಹುದು. ಹಳೆಯ ಕಡತಗಳು ಈಗ ಅಲ್ಲಿನ ರಾಷ್ಟ್ರೀಯ ದಾಖಲೆ ಸಂಗ್ರಹಕ್ಕೆ ಹೋಗುತ್ತಿವೆ. ದಾಖಲೆಯಲ್ಲಿನ ಹಡಗು, ನೆಲೆ, ತಾರೀಖುಗಳನ್ನು ಒಂದು ಹಾಳೆಯಲ್ಲಿ ಬರೆದು, ಪಕ್ಕದಲ್ಲಿ ನಕ್ಷತ್ರದ ಅವಧಿ ಬರೆಯಿರಿ. ಅಟ್ಲಾಂಟಿಕ್‌ಗೆ 3 ಸೆಪ್ಟೆಂಬರ್ 1939ರಿಂದ 8 ಮೇ 1945. ಪೆಸಿಫಿಕ್‌ಗೆ 8 ಡಿಸೆಂಬರ್ 1941ರಿಂದ 2 ಸೆಪ್ಟೆಂಬರ್ 1945. ಯುದ್ಧ ಮುಗಿಯುವವರೆಗೂ ನೆಲದ ಮೇಲಿನ ನೆಲೆಯಲ್ಲೇ ಇದ್ದ ಮೆಕ್ಯಾನಿಕ್‌ನ ಸಾಲಿನಲ್ಲಿ ಅಟ್ಲಾಂಟಿಕ್ ಸ್ಟಾರ್ ಇದ್ದರೆ ಅನುಮಾನಪಡಿ.

ಪಾಲಿಶ್ ಮಾತ್ರ ಹಚ್ಚಲೇಬೇಡಿ. ತಿಕ್ಕಿದಷ್ಟೂ ಅಂಚಿನ ಅಕ್ಷರ ಸವೆಯುತ್ತದೆ. ಹಳೆಯ ರಿಬ್ಬನ್ ಮಾಸಿದ್ದರೂ ಎಸೆಯಬೇಡಿ.

ರಷ್ಯಾಕ್ಕೆ ಸರಕು ಒಯ್ಯುತ್ತಿದ್ದ ಹಡಗುಗಳ ಕಾವಲಿಗೆ ಹೋದ ವಿಮಾನವಾಹಕ ನೌಕೆಯ ಹೆಸರು ದಾಖಲೆಯಲ್ಲಿ ಸಿಕ್ಕರೆ ಇನ್ನೊಂದು ಕೆಲಸವಿದೆ. ಉತ್ತರ ಧ್ರುವವೃತ್ತ ದಾಟಿ ಸೇವೆ ಮಾಡಿದವರಿಗೆಂದು 2013ರಲ್ಲಿ ಆರ್ಕ್‌ಟಿಕ್ ಸ್ಟಾರ್ ಬಂತು. ಸಾಲಿನಲ್ಲಿ ಅದಿಲ್ಲದಿದ್ದರೆ, ತೀರಿಹೋದವರ ಪರವಾಗಿ ಹತ್ತಿರದ ಬಂಧುಗಳು ಅರ್ಜಿ ಹಾಕಬಹುದು.