ಎದುರಿಗೆ ಕೂತು ಹೇಳಲಾಗದ್ದನ್ನು ನಾನು ಬರೆಯುವುದಿಲ್ಲ

ಬೇರೆಯವರ ವ್ಯಾಪಾರಕ್ಕೆ ಬರೆದುಕೊಡುವುದು ನನ್ನ ಕೆಲಸ. ವೆಬ್‌ಸೈಟಿನ ಮೊದಲ ಪುಟ, ಗಿರಾಕಿಗಳಿಗೆ ಹೋಗುವ ಇಮೇಲ್, ಒಂದು ಕೋರ್ಸ್ ಬಗ್ಗೆ ಹೇಳುವ ಉದ್ದನೆಯ ಪುಟ, ವಾಟ್ಸಾಪ್‌ನಲ್ಲಿ ಕಳಿಸುವ ನಾಲ್ಕು ಸಾಲು. ಈ ಕಸುಬಿನಲ್ಲಿ ಇದಕ್ಕೆಲ್ಲ ಕಾಪಿ ಅಂತಾರೆ. ಓದಿದವರು ಕೊನೆಗೆ ಏನಾದರೂ ಮಾಡಬೇಕು. ಫೋನ್ ಮಾಡಬೇಕು, ಹೆಸರು ಬರೆಸಬೇಕು, ದುಡ್ಡು ಕೊಡಬೇಕು. ಅದು ಆಗದಿದ್ದರೆ ಬರಹ ಎಷ್ಟೇ ಚೆನ್ನಾಗಿದ್ದರೂ ಪ್ರಯೋಜನ ಇಲ್ಲ.

ಹೊಸದಾಗಿ ಬರೆಯುವವರು ನನ್ನನ್ನು ಜಾಸ್ತಿ ಕೇಳುವುದು ಇದನ್ನೇ: ಮಾರಾಟದ ಮಾತನ್ನು ನನ್ನದೇ ದನಿಯಲ್ಲಿ ಬರೆಯುವುದು ಹೇಗೆ? ಒಂದೆರಡು ಸ್ವಂತ ಕಥೆ, ಸ್ವಲ್ಪ ತಮಾಷೆ, ಅಲ್ಲಲ್ಲಿ ಆಡುಮಾತು ಸೇರಿಸಿದರೆ ದನಿ ಬಂದುಬಿಡುತ್ತದೆ ಅಂತ ಅನೇಕರು ನಂಬಿದ್ದಾರೆ. ನಾನು ಕಂಡ ಹಾಗೆ ಅದು ಮೇಲಿಂದ ಹಚ್ಚುವ ಬಣ್ಣ ಅಲ್ಲ. ಯಾರಿಗೆ ಹೇಳುತ್ತಿದ್ದೇನೆ ಅನ್ನುವುದು ಗೊತ್ತಿರಬೇಕು. ಅವರ ಮುಖ ನೋಡಿಕೊಂಡು ಈ ಮಾತು ಹೇಳಬಲ್ಲೆನಾ ಅಂತ ಪ್ರತಿ ಸಾಲಿಗೂ ಕೇಳಿಕೊಳ್ಳಬೇಕು. ಈ ಎರಡನ್ನು ಗಟ್ಟಿಯಾಗಿ ಹಿಡಿದರೆ ದನಿಯ ಬಗ್ಗೆ ಬೇರೆ ಚಿಂತೆ ಬೇಕಾಗುವುದಿಲ್ಲ.

ಹಾಗಾಗಿ ಬರೆಯಲು ಕೂತಾಗ ನಾನು ಮೊದಲು ಒಬ್ಬ ವ್ಯಕ್ತಿಯನ್ನು ಆರಿಸಿಕೊಳ್ಳುತ್ತೇನೆ. 'ಇಪ್ಪತ್ತೈದರಿಂದ ನಲವತ್ತು ವಯಸ್ಸಿನ ಮಹಿಳೆಯರು' ಅನ್ನುವ ಗುಂಪಲ್ಲ. ನನಗೆ ನಿಜವಾಗಿ ಪರಿಚಯ ಇರುವ, ಈ ವಸ್ತು ಬೇಕಾಗಬಹುದಾದ, ಆದರೆ ಅನುಮಾನ ಇಟ್ಟುಕೊಂಡಿರುವ ಒಬ್ಬರು. ಅಮೆರಿಕದ ಹೆಸರಾಂತ ಹೂಡಿಕೆದಾರ ವಾರೆನ್ ಬಫೆಟ್ ತಮ್ಮ ಕಂಪನಿ ಬರ್ಕ್‌ಷೈರ್ ಹ್ಯಾಥವೇಯ ವಾರ್ಷಿಕ ವರದಿ ಬರೆಯುವಾಗ ಅಕ್ಕ ಡೋರಿಸ್ ಮತ್ತು ತಂಗಿ ಬರ್ಟಿಗೆ ಹೇಳುತ್ತಿದ್ದೇನೆ ಅಂತ ಅಂದುಕೊಳ್ಳುತ್ತಿದ್ದರಂತೆ. ಇಬ್ಬರೂ ಬುದ್ಧಿವಂತರು, ಆದರೆ ಲೆಕ್ಕಪತ್ರದಲ್ಲಿ ಪರಿಣತರಲ್ಲ. ಸರಳವಾಗಿ ಬರೆಯುವ ಬಗ್ಗೆ ಅಮೆರಿಕದ ಷೇರು ನಿಯಂತ್ರಣ ಸಂಸ್ಥೆ 1998ರಲ್ಲಿ ತಂದ ಕೈಪಿಡಿಗೆ ಬರೆದ ಮುನ್ನುಡಿಯಲ್ಲಿ ಅವರೇ ಇದನ್ನು ಹೇಳಿದ್ದಾರೆ. ನನಗೆ ಇದರಲ್ಲಿ ಇಷ್ಟವಾದದ್ದು ಅವರು ಅಕ್ಕ ತಂಗಿಯರನ್ನೇ ಆರಿಸಿಕೊಂಡಿದ್ದು. ಒಡಹುಟ್ಟಿದವರ ಎದುರು ದೊಡ್ಡಸ್ತಿಕೆ ನಡೆಯುವುದಿಲ್ಲ. ಸುಳ್ಳು ಹೇಳಿದರೆ ಮೊದಲ ವಾಕ್ಯದಲ್ಲೇ ಹಿಡಿದುಬಿಡುತ್ತಾರೆ.

ವ್ಯಕ್ತಿ ಸಿಕ್ಕಮೇಲೂ ನಾನು ತಕ್ಷಣ ಬರೆಯುವುದಿಲ್ಲ. ಮಾತಾಡುತ್ತೇನೆ, ಮಾತಾಡಿಸುತ್ತೇನೆ. ನನ್ನ ಕೆಲಸದಲ್ಲಿ ಜಾಸ್ತಿ ಹೊತ್ತು ಹೋಗುವುದು ಇದಕ್ಕೇ. ನನ್ನಿಂದ ಬರೆಸುವವರ ಜೊತೆ ಕೂತು, ಅವರ ಒಪ್ಪಿಗೆ ಪಡೆದು, ಫೋನಿನಲ್ಲಿ ಮಾತು ರೆಕಾರ್ಡ್ ಮಾಡಿಕೊಳ್ಳುತ್ತೇನೆ. 'ನಿಮ್ಮ ವಿಶೇಷತೆ ಏನು' ಅಂತ ಕೇಳುವುದಿಲ್ಲ. ಹಾಗೆ ಕೇಳಿದರೆ ಎಲ್ಲರೂ ಬೋರ್ಡಿನ ಮೇಲೆ ಬರೆದದ್ದನ್ನೇ ಓದಿ ಹೇಳುತ್ತಾರೆ. ಅದರ ಬದಲು ಕೆಲಸ ಹೇಗೆ ನಡೆಯುತ್ತದೆ ಅಂತ ಕೇಳುತ್ತೇನೆ. ಮೊದಲ ದಿನ ಏನು ಮಾಡಿಸುತ್ತೀರಿ? ಬಂದವರಿಗೆ ಎಲ್ಲಿ ಭಯ ಆಗುತ್ತದೆ? ಯಾವುದನ್ನು ಮಾಡಿಕೊಡಲು ಒಪ್ಪುವುದಿಲ್ಲ? ಕಳೆದ ಬಾರಿ ಯಾರಾದರೂ ಸಿಟ್ಟಾಗಿದ್ದು ಯಾಕೆ?

ಆನ್‌ಲೈನ್‌ನಲ್ಲಿ ಹೊಲಿಗೆ ಕಲಿಸುವ ಒಬ್ಬರಿಗೆ ಪುಟ ಬರೆದುಕೊಡಬೇಕಿತ್ತು. ಅವರೇ ಮೊದಲು ಬರೆಸಿದ್ದ ಪುಟ ಹೀಗಿತ್ತು: 'ಅನುಭವಿ ತರಬೇತುದಾರರಿಂದ ಸಮಗ್ರ ಹಾಗೂ ಗುಣಮಟ್ಟದ ಹೊಲಿಗೆ ತರಬೇತಿಯನ್ನು ನೀಡಲಾಗುತ್ತದೆ. ನಿಮ್ಮ ಕನಸುಗಳಿಗೆ ರೆಕ್ಕೆ ನೀಡಿ.' ಇದರಲ್ಲಿ ತಪ್ಪು ವಾಕ್ಯ ಯಾವುದೂ ಇಲ್ಲ. ಆದರೆ 'ಹೊಲಿಗೆ' ತೆಗೆದು 'ಕಂಪ್ಯೂಟರ್' ಅಂತ ಹಾಕಿದರೂ ನಡೆಯುತ್ತದೆ, ಅಲ್ವಾ? ಆ ಮೇಡಂ ಜೊತೆ ಮಾತಾಡುತ್ತಾ ಹೋದಾಗ, ತುಂಬಾ ಹೊತ್ತಿನ ಮೇಲೆ, ಏನೋ ಸುಮ್ನೆ ಹೇಳಿದ ಹಾಗೆ ಒಂದು ಮಾತು ಹೇಳಿದರು. 'ಮೊದಲ ವಾರ ನಾನು ಬಟ್ಟೆ ಮುಟ್ಟಿಸೋದೇ ಇಲ್ಲ. ಪೇಪರ್ ಮೇಲೇ ಕತ್ತರಿಸೋದು.' ಯಾಕೆ ಅಂತ ಕೇಳಿದೆ. 'ಹೊಸಬರಿಗೆ ಕತ್ತರಿ ಹಾಕೋಕೇ ಭಯ. ಒಳ್ಳೆ ಬಟ್ಟೆ ಹಾಳಾಗುತ್ತೆ ಅಂತ. ಆ ಭಯದಲ್ಲೇ ಅರ್ಧ ಜನ ಬಿಟ್ಟುಬಿಡ್ತಾರೆ.'

ಪುಟ ಅಲ್ಲೇ ಸಿಕ್ಕಿತು. ನಾನು ಬರೆದದ್ದು ಹೀಗೆ: 'ಬಟ್ಟೆಗೆ ಕತ್ತರಿ ಹಾಕಲು ನಿಮಗೆ ಭಯವೇ? ಮೊದಲ ವಾರ ನಾವು ಬಟ್ಟೆ ಮುಟ್ಟುವುದೇ ಇಲ್ಲ. ಪೇಪರ್ ಮೇಲೆ ಗೆರೆ ಎಳೆದು, ಪೇಪರ್ ಕತ್ತರಿಸಿ ಕಲಿಯುತ್ತೀರಿ. ತಪ್ಪಾದರೆ ಹೋಗುವುದು ಒಂದು ಹಾಳೆ.' ಇದರಲ್ಲಿ ನಾನು ಹೊಸದಾಗಿ ಹುಟ್ಟಿಸಿದ್ದು ಏನೂ ಇಲ್ಲ. ಅವರ ಮಾತನ್ನೇ ಒಪ್ಪವಾಗಿಟ್ಟೆ. ಆದರೂ ಓದಿದರೆ ಅವರೇ ಎದುರಿಗೆ ಕೂತು ಹೇಳಿದ ಹಾಗಿದೆ.

'ಪೇಪರ್ ಮೇಲೆ ಕಲಿಸೋದು ಎಲ್ಲರೂ ಮಾಡ್ತಾರೆ, ಅದರಲ್ಲಿ ಹೇಳೋದೇನಿದೆ' ಅಂತ ಅವರು ತಡೆದರು. ಈ ಮಾತನ್ನು ನಾನು ಬೇರೆ ಬೇರೆ ಕಸುಬಿನವರಿಂದ ಕೇಳುತ್ತಲೇ ಇರುತ್ತೇನೆ. ಅದಕ್ಕೆ ಉತ್ತರವಾಗಿ ಕ್ಲಾಡ್ ಹಾಪ್ಕಿನ್ಸ್ ಅವರ ಉದಾಹರಣೆ ಕೊಡುತ್ತೇನೆ. ನೂರು ವರ್ಷಕ್ಕೂ ಹಿಂದೆ ಅಮೆರಿಕದಲ್ಲಿ ಶ್ಲಿಟ್ಜ್ ಬಿಯರ್ ಕಂಪನಿಗೆ ಜಾಹೀರಾತು ಬರೆದವರು ಅವರು. ಆಗ ಎಲ್ಲ ಕಂಪನಿಗಳೂ 'ನಮ್ಮ ಬಿಯರ್ ಶುದ್ಧ' ಅಂತ ಕೂಗುತ್ತಿದ್ದವು. ಹಾಪ್ಕಿನ್ಸ್ ಕಾರ್ಖಾನೆಯ ಒಳಗೆ ಹೋಗಿ ನೋಡಿದರು. ಆಳದ ಬಾವಿಗಳ ನೀರು, ಸೋಸಿದ ಗಾಳಿ ಇರುವ ಗಾಜಿನ ಕೋಣೆಗಳು, ಮತ್ತೆ ಮತ್ತೆ ತೊಳೆಯುವ ಬಾಟಲಿಗಳು. ಇದನ್ನು ಯಾಕೆ ಹೇಳುವುದಿಲ್ಲ ಅಂತ ಕೇಳಿದರೆ, ಎಲ್ಲರೂ ಹೀಗೇ ಮಾಡುತ್ತಾರೆ ಅನ್ನುವ ಉತ್ತರ ಬಂತು. ಎಲ್ಲರೂ ಮಾಡುತ್ತಿದ್ದರು, ಆದರೆ ಯಾರೂ ಹೇಳಿರಲಿಲ್ಲ. ಹಾಪ್ಕಿನ್ಸ್ ಹೇಳಿದರು, ಮಾರಾಟ ಜೋರಾಗಿ ಏರಿತು. ಒಂದು ಎಚ್ಚರಿಕೆ ಮಾತ್ರ ಇಟ್ಟುಕೊಳ್ಳಬೇಕು. 'ನಾವು ಮಾತ್ರ ಹೀಗೆ ಮಾಡುವುದು' ಅಂತ ಸೇರಿಸಿದರೆ ಅದು ಸುಳ್ಳಾಗುತ್ತದೆ. 'ನಾವು ಹೀಗೆ ಮಾಡುತ್ತೇವೆ' ಅಂದರೆ ಸಾಕು.

ವಿಶೇಷಣಗಳ ಬಗ್ಗೆ ನನಗೆ ಕಟ್ಟುನಿಟ್ಟಾದ ನಿಲುವಿದೆ. ಅತ್ಯುತ್ತಮ, ವಿಶಿಷ್ಟ, ಅಪ್ರತಿಮ, ವಿಶ್ವದರ್ಜೆಯ. ಇವನ್ನು ಕರಡಿನಲ್ಲಿ ಕಂಡ ಕೂಡಲೇ ಅಡಿಗೆರೆ ಹಾಕುತ್ತೇನೆ. ಅದರ ಹಿಂದೆ ಯಾವ ಸಂಗತಿ ಇದೆ ಅಂತ ಹುಡುಕಿ, ಸಿಕ್ಕಿದರೆ ಆ ಸಂಗತಿಯನ್ನೇ ಬರೆಯುತ್ತೇನೆ. ಸಿಗದಿದ್ದರೆ ಪದ ಹೊರಗೆ. 1958ರಲ್ಲಿ ಡೇವಿಡ್ ಓಗಿಲ್ವಿ ರೋಲ್ಸ್ ರಾಯ್ಸ್ ಕಾರಿಗೆ ಬರೆದ ಜಾಹೀರಾತಿನ ತಲೆಬರಹ, ಗಂಟೆಗೆ 60 ಮೈಲಿ ವೇಗದಲ್ಲಿ ಈ ಕಾರಿನೊಳಗೆ ಕೇಳುವ ಅತಿ ದೊಡ್ಡ ಸದ್ದು ಗಡಿಯಾರದ್ದು ಅಂತ ಹೇಳುತ್ತದೆ. 'ನಿಶ್ಶಬ್ದ' ಅನ್ನುವ ಪದ ತಲೆಬರಹದಲ್ಲಿ ಇಲ್ಲ. ಆ ಸಂಗತಿ ಓಗಿಲ್ವಿ ಕಲ್ಪಿಸಿಕೊಂಡದ್ದೂ ಅಲ್ಲ. ಒಂದು ಮೋಟಾರು ಪತ್ರಿಕೆಯ ತಾಂತ್ರಿಕ ಸಂಪಾದಕರು ಹೇಳಿದ್ದು. ಕಾರಿನ ಬಗ್ಗೆ ಓದುತ್ತಾ ಓದುತ್ತಾ ಅದನ್ನು ಹೆಕ್ಕಿದ್ದು ಓಗಿಲ್ವಿಯ ಕೆಲಸ. ಒಪ್ಪಿಸುವ ಬರಹ ಅಂದರೆ ಮುಕ್ಕಾಲು ಪಾಲು ಹೀಗೆ ಹೆಕ್ಕುವುದೇ ಅಂತ ನನ್ನ ಅನಿಸಿಕೆ.

ಇದು ಯಾರಿಗೆ ಅಲ್ಲ ಅನ್ನುವುದನ್ನೂ ಪುಟದಲ್ಲೇ ಬರೆಯುತ್ತೇನೆ. ಹೊಲಿಗೆಯ ಪುಟದಲ್ಲಿ 'ನಿಮಗೆ ಈಗಾಗಲೇ ಅಳತೆ ತೆಗೆದು ಕತ್ತರಿಸಲು ಬರುತ್ತದೆ ಅಂದರೆ ಈ ತರಗತಿ ಬೇಡ, ಬೇಸರ ಬರುತ್ತದೆ' ಅಂತ ಹಾಕಿದೆವು. ಗಿರಾಕಿಗಳನ್ನು ಕಳಿಸಿಬಿಡುತ್ತೀರಲ್ಲ ಅಂತ ಮೇಡಂಗೆ ಅಳುಕಿತ್ತು. ಆದರೆ ಅಂಥ ಸಾಲು ಓದಿದ ಹೊಸಬರಿಗೆ, ಉಳಿದ ಸಾಲುಗಳೂ ನಿಜ ಇರಬಹುದು ಅನಿಸುತ್ತದೆ. ಬಾಡಿಗೆ ಕಾರಿನ ಏವಿಸ್ ಕಂಪನಿ 1962ರಲ್ಲಿ 'ನಾವು ಎರಡನೇ ಸ್ಥಾನದಲ್ಲಿದ್ದೇವೆ, ಅದಕ್ಕೇ ಹೆಚ್ಚು ಪ್ರಯತ್ನ ಪಡುತ್ತೇವೆ' ಅನ್ನುವ ಅರ್ಥದ ಜಾಹೀರಾತು ಶುರು ಮಾಡಿತು. ಅದು ದಶಕಗಟ್ಟಲೆ ಉಳಿಯಿತು. ಅಲ್ಲಿ ಒಪ್ಪಿಕೊಂಡದ್ದು ನಿಜವಾದ ಕೊರತೆ. ಈಗ ಕೆಲವರು 'ನಮ್ಮದು ಒಂದೇ ತಪ್ಪು, ನಾವು ಗುಣಮಟ್ಟದ ಬಗ್ಗೆ ಅತಿಯಾಗಿ ತಲೆ ಕೆಡಿಸಿಕೊಳ್ಳುತ್ತೇವೆ' ಅಂತ ಬರೆಯುತ್ತಾರೆ. ಅದು ಒಪ್ಪಿಕೊಂಡ ಹಾಗಲ್ಲ, ತನ್ನನ್ನು ತಾನೇ ಹೊಗಳಿಕೊಂಡ ಹಾಗೆ. ಓದುಗರಿಗೆ ಅದು ಗೊತ್ತಾಗುತ್ತದೆ.

ಕಾರಣ ಕೊಡುವುದರ ಬಗ್ಗೆಯೂ ಹೇಳಬೇಕು. ಯಾಕೆಂದರೆ ಇದರ ಬಗ್ಗೆ ಅರ್ಧ ಕಥೆಯೇ ಜಾಸ್ತಿ ಓಡಾಡುತ್ತಿದೆ. ಅಮೆರಿಕದ ಮನಶ್ಶಾಸ್ತ್ರಜ್ಞೆ ಎಲೆನ್ ಲ್ಯಾಂಗರ್ ಮತ್ತು ಜೊತೆಗಾರರು 1978ರಲ್ಲಿ ಪ್ರಕಟಿಸಿದ ಅಧ್ಯಯನದಲ್ಲಿ, ಜೆರಾಕ್ಸ್ ಯಂತ್ರದ ಹತ್ತಿರ ಇದ್ದವರನ್ನು 'ನನಗೆ ಮೊದಲು ಬಿಡುತ್ತೀರಾ' ಅಂತ ಕೇಳಲಾಯಿತು. 5 ಪುಟಕ್ಕೆ ಸುಮ್ನೆ ಕೇಳಿದಾಗ 60 ಶೇಕಡಾ ಜನ ಒಪ್ಪಿದರು. 'ಯಾಕೆಂದರೆ ನಾನು ಜೆರಾಕ್ಸ್ ಮಾಡಬೇಕು' ಅನ್ನುವ ಹುರುಳಿಲ್ಲದ ಕಾರಣ ಕೊಟ್ಟರೂ 93 ಶೇಕಡಾ ಒಪ್ಪಿದರು. ಎಷ್ಟೋ ಮಾರ್ಕೆಟಿಂಗ್ ಪಾಠಗಳು ಇಲ್ಲಿಗೇ ನಿಲ್ಲುತ್ತವೆ. ಆದರೆ 20 ಪುಟ ಅಂತ ಕೇಳಿದಾಗ ಆ ಹುರುಳಿಲ್ಲದ ಕಾರಣ ಏನೂ ಕೆಲಸ ಮಾಡಲಿಲ್ಲ. ಕಾರಣ ಇಲ್ಲದೆ ಕೇಳಿದರೂ 24, ಅದನ್ನು ಕೊಟ್ಟರೂ 24. ಅವಸರದಲ್ಲಿದ್ದೇನೆ ಅನ್ನುವ ನಿಜವಾದ ಕಾರಣಕ್ಕೆ 42. ಜನರ ಹಣ, ಸಮಯ ಕೇಳುವ ನಮ್ಮಂಥವರದು ಯಾವಾಗಲೂ 20 ಪುಟದ ಕೋರಿಕೆಯೇ. ಹಾಗಾಗಿ 'ಸೀಟು ಬೇಗ ತುಂಬುತ್ತಿದೆ' ಅಂತ ಬರೆಯುವ ಮುಂಚೆ ಸೀಟಿಗೆ ಮಿತಿ ಯಾಕೆ ಅಂತ ಕೇಳುತ್ತೇನೆ. 'ಪ್ರತಿಯೊಬ್ಬರ ಕತ್ತರಿಕೆಯನ್ನು ನಾನೇ ನೋಡಿ ತಿದ್ದಬೇಕು, ಅದಕ್ಕೇ ಇಷ್ಟೇ ಜನ' ಅನ್ನುವುದು ಕಾರಣ. ಮಿತಿಯೇ ಇಲ್ಲದಿದ್ದರೆ ಆ ಸಾಲು ಬರೆಯುವುದಿಲ್ಲ. ಸುಳ್ಳು ಕೌಂಟ್‌ಡೌನ್ ಗಡಿಯಾರ, ತಾವೇ ಬರೆದುಕೊಂಡ ಮೆಚ್ಚುಗೆ, ಇವನ್ನು ಕೇಳುವ ಕೆಲಸ ನಾನು ಒಪ್ಪಿಕೊಳ್ಳುವುದಿಲ್ಲ.

ಕರಡು ಮುಗಿದ ಮೇಲೆ ಗಟ್ಟಿಯಾಗಿ ಓದುತ್ತೇನೆ. ಉಸಿರು ಸಾಲದ ವಾಕ್ಯವನ್ನು ಎರಡು ಮಾಡುತ್ತೇನೆ. 'ನೀಡಲಾಗುತ್ತದೆ', 'ಒದಗಿಸಲಾಗುವುದು' ಅಂತ ಬಂದಲ್ಲೆಲ್ಲ ನಿಲ್ಲುತ್ತೇನೆ. ಆ ಕ್ರಿಯಾಪದಗಳಲ್ಲಿ ಕೆಲಸ ಮಾಡುವವರೇ ಕಾಣೆಯಾಗಿರುತ್ತಾರೆ. 'ಕಲಿಸುತ್ತೇನೆ', 'ಕಳಿಸಿಕೊಡುತ್ತೇವೆ' ಅಂತ ಬರೆದ ಕೂಡಲೇ ಒಬ್ಬ ಮನುಷ್ಯ ಮುಂದೆ ಬಂದು ಮಾತಿಗೆ ಹೊಣೆಯಾಗುತ್ತಾನೆ. ಎಐ ಬರೆದ ಕರಡುಗಳಲ್ಲೂ ನಾನು ಮೊದಲು ಹುಡುಕುವುದು ಇದನ್ನೇ: ಇಲ್ಲಿ ಮಾತಾಡುತ್ತಿರುವುದು ಯಾರು? ಹಾಗಂತ ಪೂರ್ತಿ ಆಡುಮಾತಿನಲ್ಲೇ ಬರೆಯಬೇಕು ಅಂತಲ್ಲ. ಹಣ ವಾಪಸ್ ಕೊಡುವ ಷರತ್ತು, ದಿನಾಂಕ, ಶುಲ್ಕ ಇವೆಲ್ಲ ನೇರವಾಗಿ, ಬರಹದ ಕನ್ನಡದಲ್ಲೇ ಇದ್ದರೆ ಓದುವವರಿಗೆ ಭರವಸೆ.

ಪುಟ ಹೊರಗೆ ಹೋದ ಮೇಲೆ, ಬರೆಸಿದವರಿಗೆ ಬರುವ ಪ್ರಶ್ನೆಗಳನ್ನು ನನಗೂ ಕಳಿಸಲು ಹೇಳುತ್ತೇನೆ. ಜನ ಕೇಳಿದ ಮಾತಿನಲ್ಲೇ ಅವನ್ನು ಬರೆದಿಟ್ಟುಕೊಳ್ಳುತ್ತೇನೆ. ಹೊಲಿಗೆ ತರಗತಿಗೆ ಬಂದ ಪ್ರಶ್ನೆಗಳಲ್ಲಿ ಒಂದು, 'ನನ್ನ ಹತ್ತಿರ ಮೆಷಿನ್ ಇಲ್ಲ, ಸೇರಬಹುದಾ?' ನಾವು ಅದನ್ನು ಪುಟದ ಕೆಳಗೆಲ್ಲೋ ಬರೆದಿದ್ದೆವು. ಮತ್ತೊಬ್ಬರೂ ಅದನ್ನೇ ಕೇಳಿದ ಮೇಲೆ ಮೇಲಕ್ಕೆ ತಂದೆವು, ಪೇಪರ್ ಕತ್ತರಿಸುವ ಸಾಲಿನ ಪಕ್ಕಕ್ಕೇ: 'ಮೊದಲ ವಾರಕ್ಕೆ ಮೆಷಿನ್ ಬೇಕಿಲ್ಲ. ಕತ್ತರಿ, ಸ್ಕೇಲು, ಪೆನ್ಸಿಲ್, ಹಳೇ ಪೇಪರ್ ಸಾಕು. ಎರಡನೇ ವಾರದಿಂದ ಮೆಷಿನ್ ಬೇಕಾಗುತ್ತದೆ.'