ಪೋರ್ಚುಗಲ್‌ಗೆ ಬಂದ ಕನ್ನಡಿಗರೇ, ಎದುರುಮನೆ ಅಜ್ಜಿಯ ಚರಿತ್ರೆಯನ್ನೂ ಓದಿ

ಲಿಸ್ಬನ್‌ಗೆ ಬಂದ ಹೊಸದರಲ್ಲಿ ತೆರಿಗೆ ನಂಬರು, ಬಾಡಿಗೆ ಕರಾರು, ಆರೋಗ್ಯ ಕೇಂದ್ರ ಅಂತ ಓಡಾಟವೇ ಆಗುತ್ತದೆ. ಅದಕ್ಕೆಲ್ಲ ದಾರಿ ಹೇಳುವವರು ಬೇಕಾದಷ್ಟು ಜನ ಇದ್ದಾರೆ. ನಾನು ಹೇಳಹೊರಟಿರುವುದು ಆಮೇಲಿನ ಮಾತು. ಇಲ್ಲಿನ ಜನ ಯಾಕೆ ಹೀಗೆ ಮಾತಾಡುತ್ತಾರೆ, ಯಾವ ದಿನ ಬೀದಿಗಿಳಿಯುತ್ತಾರೆ, ಯಾವುದನ್ನು ನೆನೆದು ಸುಮ್ಮನಾಗುತ್ತಾರೆ ಅನ್ನೋದು ತಿಳಿಯದಿದ್ದರೆ, ಎಷ್ಟು ವರ್ಷ ಇದ್ದರೂ ನಾವು ಹೊರಗಿನವರೇ.

ಮೊದಲು, ಕರೆಯುವ ರೀತಿ. ನೀನು, ನೀವು, ತಾವು ಅಂತ ಬೆಳೆದ ನಮಗೆ ಇದು ಬೇಗ ಹತ್ತುತ್ತದೆ. 'ತು' ಅಂದರೆ ನೀನು. ಬ್ರೆಜಿಲ್ ಪೋರ್ಚುಗೀಸ್ ಕಲಿತು ಬಂದವರು 'ವೊಸೆ' ಅಂದರೆ ನೀವು ಅಂದುಕೊಂಡು ಎಲ್ಲರಿಗೂ ಹೇಳಿಬಿಡುತ್ತಾರೆ. ಇಲ್ಲಿ ಎಷ್ಟೋ ಜನರ ಕಿವಿಗೆ ಅದು ಒರಟು. ಹಿರಿಯರಿಗೆ 'ಸೆನ್ಯೋರ್', 'ಸೆನ್ಯೋರ' ಅನ್ನಿ. ಪರಿಚಯದ ಹಿರಿಯ ಹೆಂಗಸಾದರೆ ಹೆಸರಿನ ಮುಂದೆ 'ದೋನ' ಸೇರಿಸಿ. ಎದುರಿಗೆ ಕೂತವರನ್ನೇ "ಮರೀಯಾಗೆ ಕಾಫಿ ಬೇಕಾ?" ಅಂತ ಕೇಳುವುದೂ ಉಂಟು. ನಮ್ಮಲ್ಲಿ ಮೇಷ್ಟ್ರನ್ನೇ "ಮೇಷ್ಟ್ರಿಗೆ ಊಟ ಆಯ್ತಾ?" ಅಂತ ಕೇಳೋದಿಲ್ವಾ, ಹಾಗೆ.

ಡಿಗ್ರಿ ಮುಗಿಸಿದವರನ್ನೆಲ್ಲ 'ದೊತೋರ್' ಅನ್ನುವುದು, ಎಂಜಿನಿಯರನ್ನು 'ಸೆನ್ಯೋರ್ ಎಂಜೆನ್ಯೇರು' ಅನ್ನುವುದು ನಿಮಗೆ ವಿಚಿತ್ರ ಅನಿಸಬಹುದು. ಬರೀ ಜಂಬ ಅಂದುಕೊಳ್ಳಬೇಡಿ. 1970ರಲ್ಲೂ ಈ ದೇಶದಲ್ಲಿ ಸುಮಾರು ನಾಲ್ಕರಲ್ಲೊಬ್ಬರಿಗೆ ಓದು ಬರಹ ಇರಲಿಲ್ಲ. ಡಿಗ್ರಿ ಅನ್ನೋದು ಕೆಲವೇ ಮನೆಗಳ ಸೊತ್ತಾಗಿತ್ತು. ಮೆಟ್ಟಿಲಲ್ಲಿ ದಿನಾ ಸಿಗುವ ಅಜ್ಜಿ ಕೊರಿಯರ್ ಕಾಗದಕ್ಕೆ ಒಂದೊಂದೇ ಅಕ್ಷರ ಕೂಡಿಸಿ ಸಹಿ ಹಾಕುತ್ತಿದ್ದರೆ, ಅದರ ಹಿಂದೆ ಈ ಕಥೆ ಇರಬಹುದು.

1926ರಲ್ಲಿ ಸೈನ್ಯ ಅಧಿಕಾರ ಹಿಡಿಯಿತು. 1932ರಲ್ಲಿ ಸಲಜಾರ್ ಪ್ರಧಾನಿಯಾದರು, 1968ರವರೆಗೂ ಕುರ್ಚಿ ಬಿಡಲಿಲ್ಲ. ಪತ್ರಿಕೆಯ ಪ್ರತಿ ಸಾಲಿನ ಮೇಲೂ ಸೆನ್ಸಾರ್‌ನವರ ನೀಲಿ ಪೆನ್ಸಿಲ್ ಆಡುತ್ತಿತ್ತು. 'ಪೀಡ್' ಅನ್ನುವ ಗುಪ್ತ ಪೊಲೀಸರು ಜನರ ಮೇಲೆ ಕಣ್ಣಿಟ್ಟಿದ್ದರು. 1961ರಲ್ಲಿ ಆಫ್ರಿಕಾದ ಪೋರ್ಚುಗೀಸ್ ವಸಾಹತುಗಳಲ್ಲಿ ಸ್ವಾತಂತ್ರ್ಯಕ್ಕಾಗಿ ಯುದ್ಧ ಶುರುವಾಯಿತು, ಮೊದಲು ಅಂಗೋಲಾ, ಆಮೇಲೆ ಗಿನಿ, ಮೊಜಾಂಬಿಕ್. ಹಳ್ಳಿ ಹುಡುಗರನ್ನೆಲ್ಲ ಕಡ್ಡಾಯವಾಗಿ ಅಲ್ಲಿಗೆ ಕಳಿಸಿದರು.

ಆಗ ಶುರುವಾದದ್ದೇ 'ಸಾಲ್ತು'. ಅಂದರೆ ನೆಗೆತ. ಬಡತನಕ್ಕೋ ಯುದ್ಧಕ್ಕೋ ಹೆದರಿ ಜನ ಕಾಗದಪತ್ರ ಇಲ್ಲದೆ, ರಾತ್ರಿ ಹೊತ್ತು ಬೆಟ್ಟ ದಾಟಿ, ಸ್ಪೇನ್ ಹಾದು ಫ್ರಾನ್ಸ್‌ಗೆ ಹೋದರು. ಗಡಿ ದಾಟಿಸುವ ದಲ್ಲಾಳಿಯ ಜೊತೆ ಒಂದು ಒಪ್ಪಂದ ಇರುತ್ತಿತ್ತು. ಹೋಗುವವನ ಫೋಟೋವನ್ನು ಎರಡು ಹೋಳು ಮಾಡಿ, ಅರ್ಧ ಮನೆಯವರ ಕೈಗೆ, ಅರ್ಧ ಅವನ ಜೇಬಿಗೆ. ಫ್ರಾನ್ಸ್ ಮುಟ್ಟಿದ ಮೇಲೆ ಅವನು ತನ್ನ ಅರ್ಧವನ್ನು ಮನೆಗೆ ಕಳಿಸಬೇಕು. ಎರಡೂ ಹೋಳು ಕೂಡಿದರೆ ಜೀವಂತ ತಲುಪಿದ್ದಾನೆ ಅಂತ. ಆಗಷ್ಟೇ ದಲ್ಲಾಳಿಗೆ ಬಾಕಿ ಹಣ. ಹೀಗೆ ಹೋದ ಎಷ್ಟೋ ಜನ ಪ್ಯಾರಿಸ್ ಹೊರವಲಯದ ಕೆಸರಿನಲ್ಲಿ, ತಗಡಿನ ಗುಡಿಸಲುಗಳಲ್ಲಿ ವರ್ಷಗಟ್ಟಲೆ ಬದುಕಿದರು. ನಮ್ಮ ನೆರೆಯವರ ಮನೆಗಳಲ್ಲಿ ಈ ನೆನಪು ಇನ್ನೂ ಹಸಿಯಾಗಿದೆ. ಅವರ ಅಪ್ಪನೋ ಚಿಕ್ಕಪ್ಪನೋ ನಮ್ಮ ಹಾಗೇ ಪರದೇಶಿ ಆಗಿದ್ದವರು. ಜೂನ್ 10ರ ರಾಷ್ಟ್ರೀಯ ದಿನ ಕವಿ ಕಮೋಯಿಶ್ 1580ರಲ್ಲಿ ತೀರಿಕೊಂಡ ದಿನ. ಅದರ ಪೂರ್ತಿ ಹೆಸರಿನಲ್ಲಿ ದೇಶ ಬಿಟ್ಟು ಹೋದ ಪೋರ್ಚುಗೀಸರಿಗೂ ಜಾಗ ಇದೆ.

ಏಪ್ರಿಲ್ 25ಕ್ಕೆ ಮನೆಯಲ್ಲಿ ಕೂರಬೇಡಿ. ಸಲಜಾರ್ ಹೋದ ಮೇಲೂ ಉಳಿದಿದ್ದ ಸರ್ವಾಧಿಕಾರವನ್ನು ಸೈನಿಕರೇ ದಂಗೆ ಎದ್ದು ಕೆಡವಿದ ದಿನ ಅದು. 1974ರ ಆ ದಿನ ಮಧ್ಯರಾತ್ರಿ ಕಳೆದು 20 ನಿಮಿಷಕ್ಕೆ ರೇಡಿಯೋದಲ್ಲಿ ಒಂದು ಹಾಡು ಬಂತು. ಸೈನಿಕರಿಗೆ ಅದೇ ಸನ್ನೆ. ಬೆಳಗ್ಗೆ ಸೆಲೆಸ್ಟ್ ಕಯೇರು ಅನ್ನುವ ಹೋಟೆಲ್ ಕೆಲಸದ ಹೆಂಗಸು ಕೆಲಸಕ್ಕೆ ಹೋದರೆ ಬಾಗಿಲು ಹಾಕಿದೆ. ಹೋಟೆಲಿನ ವಾರ್ಷಿಕೋತ್ಸವಕ್ಕೆ ತಂದಿದ್ದ ಕಾರ್ನೇಷನ್ ಹೂಗಳನ್ನು ಮನೆಗೆ ಒಯ್ಯಲು ಹೇಳಿದರು. ದಾರಿಯಲ್ಲಿ ಒಬ್ಬ ಸೈನಿಕ ಸಿಗರೇಟು ಕೇಳಿದ. ಆಕೆಯ ಹತ್ತಿರ ಇದ್ದದ್ದು ಹೂವು, ಅದನ್ನೇ ಕೊಟ್ಟರು. ಅವನು ಬಂದೂಕಿನ ನಳಿಗೆಗೆ ಸಿಕ್ಕಿಸಿಕೊಂಡ. ಅಂದು ಸಂಜೆ ಪೀಡ್ ಕಚೇರಿಯಿಂದ ಹಾರಿದ ಗುಂಡಿಗೆ ನಾಲ್ವರು ಸತ್ತರು ಅನ್ನೋದನ್ನೂ ಮರೆಯಬಾರದು. ಲಿಸ್ಬನ್‌ನ ಅವೆನಿದ ದ ಲಿಬರ್ದಾದ್ ಬೀದಿಯ ಮೆರವಣಿಗೆಗೆ ಮಕ್ಕಳನ್ನು ಕರೆದುಕೊಂಡು ಹೋಗಿ, ಒಂದು ಕೆಂಪು ಹೂ ಹಿಡಿಯಿರಿ. ಯಾರೂ ನಿಮ್ಮನ್ನು ನೀವ್ಯಾರು ಅಂತ ಕೇಳುವುದಿಲ್ಲ.

ಓದಲು ಎಲ್ಲಿಂದ ಶುರು ಮಾಡೋದು? ನಗರ ಗ್ರಂಥಾಲಯದಿಂದ, ಕಾಸು ಖರ್ಚಿಲ್ಲ. ಕಾಂಪು ಪೆಕೇನು ಹತ್ತಿರದ ಗಲ್ವೇಯಶ್ ಅರಮನೆಯ ಗ್ರಂಥಾಲಯ ನನಗೆ ಇಷ್ಟ. ಬಡತನದಿಂದ ಹೈಸ್ಕೂಲು ಬಿಟ್ಟು, ತಾಂತ್ರಿಕ ಶಾಲೆ ಸೇರಿ ಮೆಕ್ಯಾನಿಕ್ ಆದ ಹುಡುಗನೊಬ್ಬ ಸಂಜೆ ಹೊತ್ತು ಅಲ್ಲಿ ಕೂತು ಓದುತ್ತಿದ್ದ. ಆತ ಮುಂದೆ ಕಾದಂಬರಿಕಾರನಾದ ಜೋಸೆ ಸರಮಾಗು. 1998ರಲ್ಲಿ ನೊಬೆಲ್ ಪಡೆದಾಗ, ತಾನು ಕಂಡ ಅತಿ ದೊಡ್ಡ ಜ್ಞಾನಿ ಓದು ಬರಹ ಬಾರದ ತನ್ನ ತಾತ ಅಂದರು. ಅವರ ವಾಕ್ಯಗಳು ಉದ್ದ, ಮಾತು ಯಾರದ್ದು ಅಂತ ಉದ್ಧರಣ ಚಿಹ್ನೆ ನೋಡಿ ತಿಳಿಯೋಣ ಅಂದರೆ ಅದೂ ಇಲ್ಲ. ಹಾಗಾಗಿ ಹೊಸಬರು ಸೋಫಿಯಾ ದ ಮೆಲ್ಲು ಬ್ರೈನರ್ ಬರೆದ ಮಕ್ಕಳ ಕಥೆ ಹಿಡಿಯಿರಿ. ಶಾಲೆಗೆ ಹೋಗುವ ಮಗು ಇದ್ದರೆ ಅದರ ಚೀಲದಲ್ಲೇ ಸಿಗಬಹುದು.

ಭಾಷೆ ಬಂದ ಮೇಲೆ ಹಳದಿ ಮೆಟ್ರೋ ಹತ್ತಿ. ಎಂತ್ರೆಕಾಂಪುಶ್‌ನಲ್ಲಿ ಇಳಿದರೆ ರಾಷ್ಟ್ರೀಯ ಗ್ರಂಥಾಲಯ, ಸಿದಾದ್ ಉನಿವರ್ಸಿತಾರಿಯಾದಲ್ಲಿ ಇಳಿದರೆ ತೋರ್ ದು ತೋಂಬು, ಅಂದರೆ ರಾಷ್ಟ್ರೀಯ ಪತ್ರಾಗಾರ. 'ತೋರ್' ಅಂದರೆ ಗೋಪುರ. ಹಿಂದೆ ಅದು ಕೋಟೆಯ ಗೋಪುರದಲ್ಲಿತ್ತು. 1755ರ ಭೂಕಂಪಕ್ಕೆ ಗೋಪುರ ಬಿದ್ದರೂ ಹೆಸರು ಉಳಿಯಿತು. ಪೀಡ್‌ನವರು ಬರೆದಿಟ್ಟ ಫೈಲುಗಳು ಈಗ ಅಲ್ಲೇ ಇವೆ. ವಿಜಯನಗರ ಕಂಡು ಬರೆದ ಪೋರ್ಚುಗೀಸರಾದ ದೊಮಿಂಗು ಪಾಯಿಶ್ ಮತ್ತು ಫರ್ನಾವ್ ನೂನಿಶ್ ಅವರ ಹಸ್ತಪ್ರತಿ ಇರುವುದು ಮಾತ್ರ ಪ್ಯಾರಿಸ್‌ನಲ್ಲಿ. ಅದನ್ನು ವಿದ್ವಾಂಸ ದಾವಿದ್ ಲೋಪಿಶ್ 1897ರಲ್ಲಿ ಲಿಸ್ಬನ್‌ನಲ್ಲಿ ಅಚ್ಚು ಹಾಕಿಸಿದರು. ಪುಟ ತಿರುವಿದರೆ 'ಬಿಸ್ನಗ' ಅಂತ ಸಿಗುತ್ತದೆ. ನಮ್ಮ ಹಂಪಿಯೇ ಅದು. ನಮ್ಮ ಮೇಜು, ಚಾವಿ, ಪಗಾರ ಇಲ್ಲಿಂದ ಬಂದವು. ಬಿಸ್ನಗ ನಮ್ಮಲ್ಲಿಂದ ಇಲ್ಲಿಗೆ ಬಂದದ್ದು.