ಮಂಕಾದ ಮಕ್ಕಳಿಗೆ ಮೈಂಡ್‌ಫುಲ್‌ನೆಸ್: ಕಣ್ಣು ಮುಚ್ಚಿಸಬೇಡಿ

ಎಸ್ಸೆಸ್ಸೆಲ್ಸಿ ಓದುವ ಮಗ ಮಂಕಾಗಿ ಕೂತರೆ ಎಷ್ಟೋ ಮನೆಗಳಲ್ಲಿ ಕೇಳುವ ಮಾತು: "ಕಣ್ಮುಚ್ಕೊಂಡು ಅರ್ಧ ಗಂಟೆ ಕೂತ್ಕೋ, ಏನೂ ಯೋಚಿಸ್ಬೇಡ." ಕಣ್ಮುಚ್ಚುವುದು, ಅರ್ಧ ಗಂಟೆ, ಯೋಚಿಸದಿರುವುದು, ಮೂರೂ ಅವನಿಗೆ ಆಗದ ಕೆಲಸ.

ಮೊದಲು ಇದು ಬರೀ ಬೇಸರವೋ ಖಿನ್ನತೆಯೋ ನೋಡಿ. ಈ ವಯಸ್ಸಿನಲ್ಲಿ ಖಿನ್ನತೆ ಅಳುವಿಗಿಂತ ಸಿಡುಕಾಗಿಯೂ ಕಾಣುತ್ತದೆ. ನಿದ್ದೆ, ಊಟ ಏರುಪೇರಾಗಿ, ಇಷ್ಟದ ಆಟವೂ ಬೇಡವಾಗಿ ಎರಡು ವಾರ ದಾಟಿದರೆ ಡಾಕ್ಟರ ಹತ್ತಿರ ಹೋಗಿ. ಸಾಯುವ ಮಾತು ಬಂದರಂತೂ ಒಂದು ದಿನವೂ ಕಾಯಬೇಡಿ, ಒಬ್ಬನನ್ನೇ ಬಿಡಬೇಡಿ. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಹಗಲು ರಾತ್ರಿ ಯಾವಾಗ ಬೇಕಾದರೂ ಫೋನ್ ಮಾಡಬಹುದು.

ಇನ್ನು ಮೈಂಡ್‌ಫುಲ್‌ನೆಸ್. ಅಂದರೆ ಈ ಕ್ಷಣ ಆಗುತ್ತಿರುವುದನ್ನು ಸರಿ ತಪ್ಪು ಅನ್ನದೆ ಸುಮ್ಮನೆ ಗಮನಿಸುವ ಅಭ್ಯಾಸ. ಇದಕ್ಕೆ ಜಾಗ ಯಾವುದಾದರೂ ಸರಿ. ಮೂರು ನಿಮಿಷ ಸಾಕು.

ಎಲ್ಲರೂ ಎಡವುವುದು ಇನ್ನು ಮುಂದೆ. ಖಿನ್ನತೆಯಲ್ಲಿ ಮನಸ್ಸು "ನಾನು ಯಾವುದಕ್ಕೂ ಬಾರದವನು" ಎಂಬುದನ್ನೇ ಮೆಲುಕು ಹಾಕುತ್ತಿರುತ್ತದೆ. ಕಣ್ಮುಚ್ಚಿ ಸುಮ್ನೆ ಕೂರಿಸಿದರೆ ಆ ಮೆಲುಕು ಜಾಸ್ತಿಯಾಗಬಹುದು. ಹಾಗಾಗಿ ಕಣ್ಣು ತೆರೆದೇ ಇರಲಿ. ಬರಿಗಾಲನ್ನು ನೆಲಕ್ಕೆ ಊರಲಿ. ನೆಲದ ತಂಪು ಹಿಮ್ಮಡಿಗೆ ಎಷ್ಟು ತಾಕುತ್ತದೆ, ಬೆರಳಿಗೆ ಎಷ್ಟು, ಗಮನಿಸಲಿ. ಆಮೇಲೆ ಫ್ಯಾನಿನ ಸದ್ದು, ಕುಕ್ಕರಿನ ಸೀಟಿ. ಅಷ್ಟರಲ್ಲಿ ಗಣಿತದ ಮಾರ್ಕ್ಸ್ ನೆನಪಾಗುತ್ತದೆ. ಆಗಲಿ ಬಿಡಿ. "ನಾನು ಫೇಲಾಗ್ತೀನಿ" ಅನ್ನುವ ಬದಲು "ಫೇಲಾಗ್ತೀನಿ ಅನ್ನೋ ಯೋಚನೆ ಬಂತು" ಎಂದು ಒಳಗೇ ಹೇಳಿಕೊಂಡು, ಮತ್ತೆ ಪಾದದತ್ತ ಬರಲಿ. ಮನಸ್ಸು ಇಪ್ಪತ್ತು ಸಲ ಓಡಿದರೆ ಇಪ್ಪತ್ತು ಸಲವೂ ವಾಪಸ್ ಕರೆತರುವುದು, ಅಭ್ಯಾಸ ಅಂದರೆ ಅದೇ. ಎದೆ ಬಿಗಿದರೆ, ಅಳು ಉಕ್ಕಿದರೆ ಅಲ್ಲಿಗೇ ನಿಲ್ಲಿಸಿ, ಎದ್ದು ಓಡಾಡಲಿ. "ಪೂರ್ತಿ ಮಾಡು" ಎಂಬ ಹಟ ಬೇಡ.

ಆ್ಯಪ್‌ಗೆ ದುಡ್ಡು ಸುರಿಯಬೇಡಿ. ಜಲಪಾತದ ಸದ್ದು ಕೇಳಲು ಫೋನ್ ತೆಗೆದುಕೊಂಡವನು ಮುಗಿದ ಕೂಡಲೇ ರೀಲ್ಸ್‌ಗೆ ಜಾರುತ್ತಾನೆ, ಅಲ್ವಾ?

ಬಲವಂತವಂತೂ ಬೇಡವೇ ಬೇಡ. ಬ್ರಿಟನ್ನಿನಲ್ಲಿ 8,000ಕ್ಕೂ ಹೆಚ್ಚು ಶಾಲಾಮಕ್ಕಳ ಮೇಲೆ ನಡೆದ 'ಮಿರಿಯಡ್' ಅಧ್ಯಯನದ ಫಲಿತಾಂಶ 2022ರಲ್ಲಿ ಬಂತು. ಇಡೀ ತರಗತಿಗೆ ಮೈಂಡ್‌ಫುಲ್‌ನೆಸ್ ಕಲಿಸಿದ್ದರಿಂದ ಖಿನ್ನತೆ ತಡೆಯುವುದರಲ್ಲಿ ಮಾಮೂಲಿ ಪಾಠಕ್ಕಿಂತ ಹೆಚ್ಚಿನ ಲಾಭ ಕಾಣಲಿಲ್ಲ. ಬಹುಪಾಲು ಮಕ್ಕಳು ಮನೆಯಲ್ಲಿ ಅಭ್ಯಾಸವನ್ನೇ ಮಾಡಿರಲಿಲ್ಲ! ಖಿನ್ನತೆ ಮರುಕಳಿಸದಂತೆ ತಡೆಯಲು ಮೈಂಡ್‌ಫುಲ್‌ನೆಸ್ ಆಧರಿಸಿದ ಎಂಟು ವಾರಗಳ ಒಂದು ಚಿಕಿತ್ಸಾಕ್ರಮ ಇರುವುದು ನಿಜ. ಆದರೆ ಅದನ್ನು ನಡೆಸುವುದು ತರಬೇತಿ ಪಡೆದವರು, ಅದು ರೂಪುಗೊಂಡಿದ್ದು ದೊಡ್ಡವರಿಗಾಗಿ.

ನೀವೂ ಪಕ್ಕದಲ್ಲಿ ಕೂತು ಮಾಡಿ. ಮುಗಿದ ಮೇಲೆ "ಹೇಗಿತ್ತು, ಹೇಗಿತ್ತು" ಎಂದು ಜೀವ ತಿನ್ನಬೇಡಿ. ಡಾಕ್ಟರು ಮಾತ್ರೆ ಕೊಟ್ಟಿದ್ದರೆ, ಧ್ಯಾನ ಶುರುವಾಯಿತಲ್ಲ ಎಂದು ಅವರನ್ನು ಕೇಳದೆ ನಿಲ್ಲಿಸಬೇಡಿ.